ಬುಡಮೇಲು ಗಿಡ

ಸಸ್ಯಶಾಸ್ತ್ರದ ಪುಸ್ತಕಗಳಿಗೆ ಚಿತ್ರ ಬರೆದು ಬರೆದೇ ಚಿತ್ರಗಾರ್ತಿಗೆ ಕನ್ನಡಕ ಬಂದಿತ್ತು. ಇಪ್ಪತ್ತು ವರ್ಷ ಅದೇ ಕೆಲಸ. ಎದುರಿಗಿಟ್ಟ ಹೂವಿಗೆ ಐದೆಸಳಿದ್ದರೆ ಐದೇ. ಆರನೆಯದು ಕಂಡರೆ ಪ್ರಕಾಶನದ ಮ್ಯಾನೇಜರು ಮುಖ ಗಂಟಿಕ್ಕುತ್ತಿದ್ದರು. ಹಾಗಾಗಿ ಪ್ರಕಾಶಕರು ಹೊಸದಾಗಿ ಅಚ್ಚು ಹಾಕಲಿದ್ದ, ಭವಿಷ್ಯ ನೋಡುವ ಟ್ಯಾರೋ ಕಾರ್ಡುಗಳನ್ನು ಚಿತ್ರಗಾರರಿಗೆ ಹಂಚಿ, ಒಂದೊಂದಕ್ಕೂ ಲೋಕದಲ್ಲೇ ಇಲ್ಲದ ಗಿಡವೊಂದನ್ನು ಕಲ್ಪಿಸಿ ಬರೆಯಿರಿ ಎಂದಾಗ ಅವಳಿಗೆ ಸ್ವರ್ಗಕ್ಕೆ ಮೂರೇ ಗೇಣು.

ಅವಳ ಪಾಲಿಗೆ ಬಂದದ್ದು ಒಂಟಿಗಾಲಲ್ಲಿ ತಲೆಕೆಳಗಾಗಿ ನೇತಾಡುವ ಮನುಷ್ಯನ ಕಾರ್ಡು. ನೇತುಬಿದ್ದರೂ ಆ ಪುಣ್ಯಾತ್ಮನ ಮುಖದಲ್ಲಿ ಒಂದಿಷ್ಟೂ ಅಳುಕಿರಲಿಲ್ಲ. ಅದೇ ಅವಳಿಗೆ ಹಿಡಿಸಿತು. ಹದಿನೈದು ದಿನ ಕೂತು ಬರೆದಳು: ಬೇರುಗಳೆಲ್ಲ ಮೇಲೆ ಮೋಡವನ್ನು ಕಚ್ಚಿ ಹಿಡಿದಿವೆ, ಕಾಂಡ ಕೆಳಗಿಳಿದಿದೆ, ತುದಿಯಲ್ಲಿ ನೆಲದತ್ತ ಮುಖಮಾಡಿ ಅರಳಿದ ಹಳದಿ ಹೂವು.

ಅಚ್ಚಿನ ಮಾದರಿ ಬಂದಾಗ ನೋಡಿದರೆ, ಬೇರು ಕೆಳಗೆ, ಹೂವು ಮೇಲೆ! ಗಿಡವೆಂದರೆ ಬೇರು ಕೆಳಗೆ ಎಂಬ ಅಭ್ಯಾಸಬಲದಿಂದ ಮ್ಯಾನೇಜರು ಹಾಳೆ ತಿರುಗಿಸಿ ಒಪ್ಪಿಗೆಯ ಮುದ್ರೆ ಒತ್ತಿದ್ದರು. ಮೋಡವೂ ಮಣ್ಣಿನಂತೆ ಕಂಡು, ಯಾರ ಮನೆಯ ಕುಂಡದಲ್ಲಾದರೂ ಸಿಗುವಂಥ ಗಿಡ ಅದಾಗಿತ್ತು.

ಮೂಲ ಚಿತ್ರವನ್ನು ಎತ್ತಿಕೊಂಡು ಅವಳು ನೇರ ಅಚ್ಚಿನ ಕೋಣೆಗೆ ನಡೆದಳು. ಯಂತ್ರ ನಡೆಸುತ್ತಿದ್ದ ಮುದ್ರಕನ ಜೊತೆ ಮ್ಯಾನೇಜರು ಅಲ್ಲೇ ಇದ್ದರು. ಹೀಗೇ ಚೆನ್ನಾಗಿದೆ, ಉಲ್ಟಾ ಹಾಕಿದರೆ ಅಚ್ಚಿನ ತಪ್ಪೆಂದು ಜನ ವಾಪಸ್ ತಂದಾರು ಎಂದು ಸಮಾಧಾನ ಹೇಳಿದರು. ಅವಳ ಮೈಯೆಲ್ಲ ಉರಿದುಹೋಯಿತು. ಲೋಕದ ಗಿಡಗಳನ್ನೆಲ್ಲ ಇದ್ದ ಹಾಗೇ ಬರೆದುಕೊಟ್ಟವಳು ಅವಳು. ಅವಳದೇ ಆದ ಒಂದೇ ಒಂದು ಗಿಡವನ್ನು ಇದ್ದ ಹಾಗೆ ಬಿಡಲು ಇವರಿಗೇನು ಕಷ್ಟ?

ಅಲ್ಲಿ ಚಿತ್ರಕ್ಕೆ ಬರೆದವರ ಹೆಸರು ಹಾಕುವ ಪದ್ಧತಿಯೇ ಇರಲಿಲ್ಲ. ಅವಳು ಬೇರು ಮೇಲಿರುವಂತೆ ಚಿತ್ರವನ್ನು ಹರವಿ, ಪೆನ್ನಿನ ಮುಚ್ಚಳ ತೆಗೆದು, ಕತ್ತರಿಸಿ ತೆಗೆಯಲು ಬಾರದಂತೆ ಹೂವಿನ ಎಸಳುಗಳ ಮೇಲೆಯೇ ಹಾಯಿಸಿ, ದಪ್ಪಕ್ಷರಗಳಲ್ಲಿ ತನ್ನ ಹೆಸರು ಬರೆಯತೊಡಗಿದಳು.

"ಹೆಸರು ಹಾಕಿದ್ರೆ ನಾಳೆಯಿಂದ ಬರೋದು ಬೇಡಮ್ಮ," ಎಂದರು ಮ್ಯಾನೇಜರು.

ಅವಳ ಕೈ ನಿಂತಿತು. ಅವಳ ಸಂಬಳವನ್ನೇ ನಂಬಿಕೊಂಡು ಓದುತ್ತಿದ್ದ ತಂಗಿ ಕಣ್ಣಮುಂದೆ ಬಂದಳು. ಹೆದರಿಕೆಯಾಯಿತು, ಸುಳ್ಳೇಕೆ ಹೇಳಬೇಕು. ಆಮೇಲೆ ಉಳಿದ ಅಕ್ಷರಗಳನ್ನೂ ಬರೆದು ಮುಗಿಸಿ, ಶಾಯಿ ಆರುವವರೆಗೆ ಊದಿ, ಹಾಳೆಯನ್ನು ಮುದ್ರಕನ ಕೈಗಿತ್ತಳು.

"ಈಗ ತಿರುಗಿಸಿ ನೋಡೋಣ ಸರ್. ಓದೋಕೆ ಬರೋ ಯಾರಿಗಾದ್ರೂ ಉಲ್ಟಾ ಅಂತ ಗೊತ್ತಾಗುತ್ತೆ."

ಮುದ್ರಕ ಹಾಳೆ ನೋಡಿದ, ಅವಳನ್ನು ನೋಡಿದ. ಮ್ಯಾನೇಜರ ಕಡೆ ಮಾತ್ರ ನೋಡಲಿಲ್ಲ. ಯಂತ್ರ ನಿಲ್ಲಿಸಿ, ಬೇರು ಕೆಳಗಿದ್ದ ಹಳೆಯ ಅಚ್ಚಿನ ಪ್ಲೇಟನ್ನು ಕಳಚಿ ಕೆಳಗಿಟ್ಟ.