ಮಾರಾಟವಾಗದೆ ಮಾರಾಟವಾದ ಕಾರು

ನಾನು ಒಂದು ಬಿಳಿ ಕಾರು. ಕಾರ್ಖಾನೆಯಲ್ಲಿ ಹುಟ್ಟಿದ ದಿನ ಒಬ್ಬ ಹೆಂಗಸು ನನ್ನ ಬಾಗಿಲು ತೆಗೆದು ಮುಚ್ಚಿ, ಸದ್ದು ಆಲಿಸಿ, ಸರಿಯಿದೆ ಎಂದು ಚೀಟಿ ಅಂಟಿಸಿದಳು. ಮೂರನೆಯ ದಿನಕ್ಕೆ ಲಾರಿಯೇರಿ ಗದಗ ರಸ್ತೆಯ ಷೋರೂಮೊಂದರ ಹಿತ್ತಲಿಗೆ ಬಂದಿಳಿದೆ. ಅಲ್ಲಿ ನನ್ನಂಥವು ಆಗಲೇ ನಲವತ್ತು ನಿಂತಿದ್ದವು. ಆ ವರ್ಷ ಕಾರು ಕೊಳ್ಳುವವರೇ ಇರಲಿಲ್ಲ. ಏಳು ತಿಂಗಳು ಬಿಸಿಲಲ್ಲಿ ನಿಂತೆ. ಚಕ್ರದ ಸುತ್ತ ಹುಲ್ಲು ಬೆಳೆಯಿತು.

ವಾರಕ್ಕೊಮ್ಮೆ ಮೌನೇಶ ಬಡಿಗೇರ ಬರುತ್ತಿದ್ದ. ಕಾರು ಮಾರುವುದು ಅವನ ಕೆಲಸ. ಮಾರಾಟವಿಲ್ಲದಾಗ ಧೂಳು ಒರೆಸುವುದೂ ಅವನದೇ. ಬ್ಯಾಟರಿ ಸಾಯದಿರಲೆಂದು ನನ್ನನ್ನು ಚಾಲೂ ಮಾಡಿ ಹತ್ತು ನಿಮಿಷ ಒಳಗೆ ಕೂರುತ್ತಿದ್ದ, ಮನೆಗೆ ಫೋನು ಮಾಡುತ್ತಿದ್ದ. ಅವನ ಅವ್ವ ಗಿರಿಜವ್ವನ ಕಿಡ್ನಿ ಕೆಟ್ಟಿದ್ದವು. ವಾರಕ್ಕೆರಡು ಸಲ ಡಯಾಲಿಸಿಸ್. ಬಡವರ ರೇಷನ್ ಕಾರ್ಡ್ ಇದ್ದುದರಿಂದ ಪುಕ್ಕಟೆ ನಡೆಯುತ್ತಿತ್ತು.

ಮಾರ್ಚ್ ಕೊನೆಯ ದಿನ ಷೋರೂಮಿನ ಮಾಲೀಕರಾದ ಅಂದಾನಪ್ಪನವರು ಅವನನ್ನು ನನ್ನ ಬಳಿ ಕರೆತಂದರು.

“ಮೌನೇಶ, ಈ ಗಾಡಿ ನಿನ್ನ ಹೆಸರಿಗೆ ನೋಂದಣಿ ಮಾಡಸ್ತೀನಿ. ಬರೇ ಕಾಗದದ ಮ್ಯಾಲ. ಹನ್ನೊಂದು ಗಾಡಿ ಹಂಗ ಮಾಡಾಕತ್ತೀನಿ.”

“ಯಾಕ್ರೀ ಸಾಹುಕಾರ್ರ?”

“ನೋಂದಣಿ ಆದ್ರ ಮಾರಾಟ ಆದಂಗ. ಕಂಪನಿ ನೋಡೋದೂ ಅದನ್ನ, ಪೇಪರಿನವರು ಬರೆಯೋದೂ ಅದನ್ನ. ಸಂಖ್ಯೆ ಬಿತ್ತಂದ್ರ ನನ್ನ ಏಜೆನ್ಸಿ ಹೋಗ್ತದ, ನಿಮ್ಮೆಲ್ಲರ ಕೆಲಸಾನೂ ಹೋಗ್ತದ. ಎರಡು ತಿಂಗಳದಾಗ ಗಿರಾಕಿ ನೋಡಿ ಹೆಸರು ಬದಲಿಸೋಣು.”

ಮೌನೇಶ ನನ್ನ ಬಾನೆಟ್ ಮೇಲೆಯೇ ಕಾಗದವಿಟ್ಟು ಸಹಿ ಹಾಕಿದ.

ಮುಂದಿನ ವಾರ ಮೆಕ್ಯಾನಿಕ್ ಒಬ್ಬ ನನ್ನ ನೆರಳಲ್ಲಿ ಕೂತು ಪೇಪರು ಓದಿದ. ವಾಹನ ಮಾರಾಟ ಏರಿದೆಯಂತೆ, ಜನರ ಕೈಯಲ್ಲಿ ದುಡ್ಡು ಓಡಾಡುತ್ತಿದೆಯಂತೆ, ದೇಶ ಚೇತರಿಸಿಕೊಂಡಿದೆಯಂತೆ. ಉಪ್ಪಿಟ್ಟು ತಿಂದು ಅದೇ ಹಾಳೆಗೆ ಕೈ ಒರೆಸಿಕೊಂಡು ಹೋದ. ನಾವೆಲ್ಲ ನಿಂತಲ್ಲೇ ನಿಂತಿದ್ದೆವು.

ಜೂನ್‌ನಲ್ಲಿ ಗಿರಿಜವ್ವನ ಕಾರ್ಡ್ ರದ್ದಾಯಿತು. ಮೌನೇಶ ನನ್ನೊಳಗೆ ಕೂತು ಅಕ್ಕನಿಗೆ ಫೋನಿನಲ್ಲಿ ಹೇಳುತ್ತಿದ್ದ: “ಮನ್ಯಾಗ ಕಾರಿದ್ದವರಿಗೆ ಕಾರ್ಡ್ ಇಲ್ಲಂತಕ್ಕ. ನಂದಲ್ರೀ ಅಂದೆ. ಹೆಸರು ನಿಂದೈತಲ್ಲ ಅಂದ್ರು. ಅವ್ವಗ ಹೇಳಬ್ಯಾಡ. ಆಸ್ಪತ್ರ್ಯಾಗ ಯಂತ್ರ ಕೆಟ್ಟೈತಿ ಅಂತ ಹೇಳೇನಿ.”

ಗಿರಾಕಿ ಸಿಗಲಿಲ್ಲ. ಗಿರಾಕಿಯಿಲ್ಲದೆ ಹೆಸರು ಬದಲಾಗಲಿಲ್ಲ. ವಾರಕ್ಕೆರಡು ಸಲದ ಡಯಾಲಿಸಿಸ್ ವಾರಕ್ಕೊಂದಾಯಿತು, ಆಮೇಲೆ ಹತ್ತು ದಿನಕ್ಕೊಂದು.

ಒಂದು ಮಧ್ಯಾಹ್ನ ಮೌನೇಶ ಓಡಿಬಂದ. ಯಾರನ್ನೂ ಕೇಳದೆ ನನ್ನನ್ನು ಹೊರಡಿಸಿದ. ರಸ್ತೆಯೆಂದರೇನೆಂದು ನಾನು ಕಂಡದ್ದು ಆ ದಿನವೇ. ಮನೆಯಿಂದ ಗಿರಿಜವ್ವನನ್ನು ಎತ್ತಿ ತಂದು ಹಿಂದಿನ ಸೀಟಿನಲ್ಲಿ ಮಲಗಿಸಿದ. ಸೀಟಿನ ಪ್ಲಾಸ್ಟಿಕ್ಕು ಇನ್ನೂ ತೆಗೆದಿರಲಿಲ್ಲ. ಆಕೆಯ ಪಾದಗಳು ಬಾತು ಹೊಳೆಯುತ್ತಿದ್ದವು.

“ಯಾರ ಗಾಡಿಪಾ ಇದು?”

ಮೌನೇಶ ಬಾಗಿಲು ಮುಚ್ಚಿ ಸ್ಟೇರಿಂಗ್ ಹಿಡಿದ. “ನಂದವ್ವ.”

“ನಿಂದಾ? ಹೇಳೇ ಇಲ್ಲಲ್ಲೋ ನನಗ!” ಆಕೆ ಸೀಟು ಸವರಿದಳು. “ನಿಮ್ಮಪ್ಪ ಊರಿಗೆಲ್ಲ ಚಕ್ಕಡಿ ಗಾಡಿ ಮಾಡಿಕೊಟ್ಟ. ತನಗಂತ ಒಂದು ಮಾಡ್ಕೊಳ್ಳಲಿಲ್ಲ. ಚಲೋ ಆತು ಬಿಡು.”

ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿ ದಾಟಿಹೋಗುವಷ್ಟರಲ್ಲಿ ಆಕೆಯ ಉಸಿರು ನಿಂತಿತು. ಗೇಟು ತೆರೆದರೂ ಮೌನೇಶ ನನ್ನನ್ನು ಮುಂದೆ ಬಿಡಲಿಲ್ಲ. ಹಿಂದಿನವರು ಹಾರ್ನ್ ಹೊಡೆಯುತ್ತಲೇ ಇದ್ದರು.

ನಾಲ್ಕನೆಯ ದಿನ ನನ್ನನ್ನು ತೊಳೆದು ಷೋರೂಮಿಗೆ ತಂದು ನಿಲ್ಲಿಸಿದ. ಅಂದಾನಪ್ಪನವರು ಹೊರಗೆ ಬಂದರು. “ಇಷ್ಟಕ್ಕ ಹೋಗ್ತದಂತ ನನಗ ಗೊತ್ತಿರಲಿಲ್ಲೋ,” ಎಂದರು.

“ಗಿರಾಕಿ ಸಿಕ್ಕಾಗ ಕರೀರಿ. ಬಂದು ಸಹಿ ಹಾಕ್ತೀನಿ,” ಎಂದ ಮೌನೇಶ, ಕೀಲಿಯನ್ನು ಅವರ ಕೈಗಿಟ್ಟು ನಡೆದ. ಮತ್ತೆ ಕೆಲಸಕ್ಕೆ ಬರಲಿಲ್ಲ. ದಸರೆಯ ಹೊತ್ತಿಗೆ ಷೋರೂಮೇ ಮುಚ್ಚಿತು.

ಆಮೇಲೆ ದನದ ಡಾಕ್ಟರೊಬ್ಬರ ಬಳಿ ಆರು ವರ್ಷ, ಬಟ್ಟೆ ವ್ಯಾಪಾರಿಯ ಬಳಿ ಎಂಟು ವರ್ಷ ದುಡಿದೆ. ಈಗ ಗುಜರಿಯಂಗಳದಲ್ಲಿ ಬಾಗಿಲಿಲ್ಲದೆ ಬಿದ್ದಿದ್ದೇನೆ. ಮಳೆ ನೇರ ಒಳಗೇ ಬೀಳುತ್ತದೆ. ನನ್ನನ್ನು ಎಣಿಸಿದವರು ಬಹಳ ಜನ; ಒಳಗೆ ಯಾರಿದ್ದಾರೆಂದು ಇಣುಕಿ ನೋಡಿದವರಿಲ್ಲ.

ನಿನ್ನೆ ಗುಜರಿಯವನು ನನ್ನ ಹಳೆಯ ಕಾಗದ ತಿರುವಿ ಹಾಕುತ್ತ, ಜೊತೆಯವನಿಗೆ ಹೇಳಿದ: “ಮೊದಲನೇ ಮಾಲೀಕ ಮೌನೇಶ ಬಡಿಗೇರ ಅಂತ. ಅಂಥಾ ಬರಗೆಟ್ಟ ವರ್ಷದಾಗ ಹೊಸಾ ಕಾರು ತಗೊಂಡಾನಂದ್ರ, ಭಾಳ ಅನುಕೂಲಸ್ಥ ಇದ್ದಿರಬೇಕು.”