ಲಾಂಡ್ರಿಯಲ್ಲಿ ಕಿತ್ತಳೆ ಮರ

ಕಸಿಯಕ್ಕನ ಪೆಟ್ಟಿಗೆ ಕಟ್ಟುವ ಕೆಲಸ ಅವಳ ಯಜಮಾನರದು. ಇಪ್ಪತ್ತೆರಡು ವರ್ಷ ಪಂಪುಸೆಟ್ ಮಾರುತ್ತ ಊರೂರು ಅಲೆದು, ತಿಂಗಳಿಗೆ ಇಪ್ಪತ್ತು ದಿನ ಹೋಟೆಲಿನಲ್ಲೇ ಕಳೆದ ಮನುಷ್ಯ. ನಿವೃತ್ತಿಯಾಗಿ ಮನೆಯಲ್ಲಿ ಕೂತ ಮೇಲೆಯೇ ಅವರಿಗೆ ಗೊತ್ತಾದದ್ದು, ಎದ್ದ ಹಾಸಿಗೆಯನ್ನು ಎದ್ದವರೇ ಮಡಿಸಬೇಕು ಎಂಬುದು.

ಅವರು ಮನೆ ಸೇರುವ ಹೊತ್ತಿಗೆ ಅವಳ ತಿರುಗಾಟ ಶುರುವಾಯಿತು. ಹಿತ್ತಲಿನಲ್ಲಿ ಹಣ್ಣಿನ ಗಿಡಗಳಿಗೆ ಕಸಿ ಕಟ್ಟಿ ಕಟ್ಟಿ ಅವಳ ಕೈ ಪಳಗಿತ್ತು. ಅವಳು ಕಟ್ಟಿದ ಕಣ್ಣು, ಅಂದರೆ ಕಡ್ಡಿಯ ಚಿಗುರುಮೊಗ್ಗು, ಹುಸಿಹೋಗುವುದಿಲ್ಲ ಎಂಬ ಮಾತು ಸಸಿ ಮಾರುವ ಒಂದು ದೊಡ್ಡ ಕಂಪನಿಯ ಕಿವಿಗೆ ಬಿದ್ದು, ನರ್ಸರಿಗಳಲ್ಲಿ ಕಲಿಸಿಕೊಡಲು ಕರೆ ಬಂತು. ಕಂಪನಿಗೆ ಗತ್ತು ಜಾಸ್ತಿ. ಇಳಿಸುವುದೆಲ್ಲ ಒಳ್ಳೊಳ್ಳೆಯ ಹೋಟೆಲಿನಲ್ಲಿ. ಎರಡು ವರ್ಷದಲ್ಲಿ ಅವಳು ಮಲಗಿದ ಮಂಚಗಳ ಲೆಕ್ಕ ಅವಳಿಗೇ ತಪ್ಪಿತ್ತು.

ಯಜಮಾನರಿಗೆ ಮಾತ್ರ ತಪ್ಪಿರಲಿಲ್ಲ. ಪ್ರತಿ ಸಲ ಪೆಟ್ಟಿಗೆಗೆ ಸಾಮಾನು ಜೋಡಿಸುತ್ತ ಪಾಠ ಒಪ್ಪಿಸುವರು. "ಲಿಫ್ಟಿನ ಪಕ್ಕದ ರೂಮು ಕೊಟ್ರೆ ಬೇಡ ಅನ್ನು. ಗಡಗಡ ಅಂತಿರುತ್ತೆ. ದಿಂಬು ದಪ್ಪ ಇದ್ರೆ ತೆಳ್ಳಗಿಂದು ಕೇಳು, ಸಂಕೋಚ ಪಡಬೇಡ, ಎಲ್ಲರೂ ಕೇಳ್ತಾರೆ. ಪರದೆ ಮಧ್ಯೆ ಸಂದು ಬಿಟ್ಟಿರುತ್ತೆ, ಅದಕ್ಕೆ ಬಟ್ಟೆ ಕ್ಲಿಪ್ಪು. ಮಾರನೇ ದಿನ ಉಡೋದನ್ನ ಬಚ್ಚಲಲ್ಲಿ ನೇತುಹಾಕಿ ಬಿಸಿನೀರು ಬಿಡು, ಸುಕ್ಕು ತಾನಾಗೇ ಹೋಗುತ್ತೆ. ಟವೆಲ್ ಗೂಟಕ್ಕೆ ಹಾಕಿದ್ರೆ ಮುಟ್ಟಲ್ಲ, ನೆಲಕ್ಕೆ ಹಾಕಿದ್ರೆ ಒಗೆಯೋಕೆ ಒಯ್ತಾರೆ. ಕೇಳಿಸ್ತೇನೇ?"

"ಕೇಳಿಸ್ತು ರೀ," ಎಂದು ಅವಳು ಕಸಿಚಾಕು ಮಸೆಯುವಳು. ಕಿವಿ ಚಾಕುವಿನ ಸದ್ದಿನ ಮೇಲಿರುತ್ತಿತ್ತು.

ಹಾಗೆಂದು ಅವಳಿಗೆ ಹೋಟೆಲಿನ ಸುಖ ಬೇಡವೆಂದಲ್ಲ. ಸ್ವಂತ ಲೋಟವಿಲ್ಲದೆ ಈಗ ಅವಳು ಕಾಫಿ ಕುಡಿಯಳು. ಬೂದುಬಣ್ಣದ ರೇಷ್ಮೆ ಶಾಲೊಂದು ಪೆಟ್ಟಿಗೆಯಲ್ಲಿರಲೇಬೇಕು, ಅದನ್ನು ಹೊದ್ದು ಕೆಳಗಿಳಿದರೆ ಮುಂಬಾಗಿಲಿನ ಮೇಜಿನ ಹುಡುಗಿಯರೂ ಎದ್ದು ನಿಲ್ಲುವರು. ಮಣ್ಣು ಮೆತ್ತಿದ ಕೈಗೆ ಹಚ್ಚಲು ಸಣ್ಣ ಡಬ್ಬಿಯಲ್ಲಿ ಬೆಣ್ಣೆಯಂಥ ಮುಲಾಮು. ಇಷ್ಟರ ಜೊತೆಗೆ ಒಂದು ಹಳೆಯ ಕಂದು ಬಟ್ಟೆ. ಕಸಿಕಡ್ಡಿಗಳನ್ನು ಸುತ್ತಿ, ನೀರು ಚಿಮುಕಿಸಿ, ಬಚ್ಚಲಿನ ತಣ್ಣನೆಯ ಮೂಲೆಯಲ್ಲಿಡಲು. ಕೋಣೆಯ ಪುಟ್ಟ ಫ್ರಿಜ್ಜನ್ನು ಒಮ್ಮೆ ನಂಬಿ, ಕಡ್ಡಿಗಳೆಲ್ಲ ಕಪ್ಪಾಗಿ ಬುದ್ಧಿ ಬಂದಿತ್ತು.

ಈ ಸಲ ಅವಳು ಒಯ್ದಿದ್ದು ಐದೇ ಕಡ್ಡಿ. ತೋಟದ ಅಜ್ಜನೊಬ್ಬನ ಕಿತ್ತಳೆ ಮರದ್ದು. ಸಿಪ್ಪೆ ಕಾಗದದಷ್ಟು ತೆಳು, ತೊಳೆ ಬಾಯಿಗಿಟ್ಟರೆ ಕರಗುವಂಥದ್ದು. ಅಂಥ ಮರ ಆ ಸುತ್ತಿನಲ್ಲಿ ಅದೊಂದೇ. ಹಿಂದಿನ ವಾರದ ಗಾಳಿಗೆ ಅದು ಬೇರುಸಮೇತ ಮಲಗಿತು. ಅಜ್ಜ ಉಳಿದ ಹಸಿ ಕೊಂಬೆಯಿಂದ ಐದು ಕಡ್ಡಿ ಕಡಿದು, "ನನ್ನ ಅಪ್ಪ ನೆಟ್ಟಿದ್ದು ಕಣಮ್ಮ. ನಿನ್ನ ಕೈಯಲ್ಲಿ ಉಳಿದ್ರೆ ಉಳೀತು," ಎಂದು ಅವಳ ಉಡಿಗೆ ಹಾಕಿದ್ದ. ಪಾಠದ ದಿನ ಬೆಳಿಗ್ಗೆ ಹನ್ನೊಂದು ಗಂಟೆಗೆ ಊರಾಚೆಯ ನರ್ಸರಿಯಲ್ಲಿ ಮೂವತ್ತು ಜನರೆದುರು ಆ ಕಣ್ಣುಗಳನ್ನೇ ಕಟ್ಟಿ ತೋರಿಸುವುದೆಂದು ಗೊತ್ತಾಗಿತ್ತು.

ಹಿಂದಿನ ಸಂಜೆ ಹೋಟೆಲಿಗೆ ಬಂದು ಪೆಟ್ಟಿಗೆ ಬಿಚ್ಚಿದರೆ ಕಂದು ಬಟ್ಟೆಯೇ ಇಲ್ಲ. ಫೋನು ಮಾಡಿದಳು.

"ಅದಾ? ನೆಲ ಒರೆಸೋ ಬಟ್ಟೆ ಥರ ಇತ್ತು, ತೆಗೆದಿಟ್ಟೆ," ಎಂದರು ಯಜಮಾನರು. "ಅಂಥ ಹೋಟೆಲಿಗೆ ಅದನ್ನ ಒಯ್ದರೆ ನೋಡಿದವರು ಏನಂದಾರು? ಬದಲಿಗೆ ಘಮಘಮ ಅನ್ನೋ ಪುಟ್ಟ ಚೀಲ ಇಟ್ಟಿದ್ದೀನಿ, ನೋಡು."

"ಘಮಘಮ ಅಂದ್ರೆ ಕಡ್ಡಿ ಬದುಕುತ್ತಾ ರೀ?"

"ಅಲ್ಲೇ ಟವೆಲ್ ಇರುತ್ತಲ್ಲ. ಬೆಣ್ಣೆ ಥರ ಇರುತ್ತೆ."

ಬೇರೆ ದಾರಿಯಿಲ್ಲದೆ ಹೋಟೆಲಿನ ಬಿಳಿ ಟವೆಲಿನಲ್ಲೇ ಕಡ್ಡಿ ಸುತ್ತಿ, ನೀರು ಚಿಮುಕಿಸಿ, ಬಚ್ಚಲಿನ ಮೂಲೆಯ ನೆಲದ ಮೇಲಿಟ್ಟಳು.

ಬೆಳಿಗ್ಗೆ ತಿಂಡಿ ಮುಗಿಸಿ, ಎರಡನೇ ಲೋಟ ಕಾಫಿಯನ್ನೂ ನಿಧಾನವಾಗಿ ಕುಡಿದು ಮೇಲೆ ಬಂದಳು. ಕೋಣೆ ಥಳಥಳ ಹೊಳೆಯುತ್ತಿತ್ತು. ಹಾಸಿಗೆಯ ಮೇಲೆ ಹೊಸ ಟವೆಲನ್ನು ಹಂಸದ ಹಾಗೆ ಮಡಿಸಿಟ್ಟಿದ್ದರು. ಬಚ್ಚಲಿನ ಮೂಲೆ ಖಾಲಿ. ಹಂಸ ಕೊಕ್ಕು ಎತ್ತಿ ಅವಳನ್ನೇ ನೋಡುತ್ತಿತ್ತು. ನೆಲಕ್ಕೆ ಹಾಕಿದ್ರೆ ಒಗೆಯೋಕೆ ಒಯ್ತಾರೆ ಎಂಬ ಮಾತು ಅವಳಿಗೆ ಈಗ ಕೇಳಿಸಿತು.

ಹೋಟೆಲಿನ ಮೆತ್ತನೆಯ ಚಪ್ಪಲಿಯಲ್ಲೇ, ಶಾಲು ಹಾರುತ್ತಿರಲು, ನಾಲ್ಕು ಮಾಳಿಗೆಯ ಮೆಟ್ಟಿಲು ಓಡಿ ಇಳಿದಳು. ನೆಲಮಾಳಿಗೆಯಲ್ಲಿ ಲಾಂಡ್ರಿ. ಹಬೆಯಲ್ಲಿ ಎದುರಿನ ಮನುಷ್ಯ ಅರ್ಧ ಕಾಣುತ್ತಿದ್ದ. ದೊಡ್ಡ ದೊಡ್ಡ ಯಂತ್ರಗಳು ಗುಡುಗುತ್ತಿದ್ದವು. ಕಿವಿಗೆ ಹತ್ತಿ ತುರುಕಿಕೊಂಡಿದ್ದ ಮೇಸ್ತ್ರಿ ಮಡಿಸುತ್ತಿದ್ದ ಹೊದಿಕೆ ಬಿಟ್ಟು ಬಂದ.

"ಏನು ಕಳಕೊಂಡ್ರಿ ಮೇಡಂ? ಉಂಗುರಾನಾ, ಹಲ್ಲಿನ ಸೆಟ್ಟಾ?"

"ಕಡ್ಡಿ!"

"ಹಲ್ಲಲ್ಲಿ ಸಿಕ್ಕಿಕೊಂಡ್ರೆ ಚುಚ್ಚೋ ಕಡ್ಡೀನಾ?" ಎಂದು ಅವನು ಹತ್ತಿ ತೆಗೆದ.

"ಮರದ ಕಡ್ಡಿ ಕಣಪ್ಪಾ! ಟವೆಲಿನಲ್ಲಿ ಸುತ್ತಿತ್ತು. ಐದು!"

"ಓ, ಅದು ನಿಮ್ಮದಾ? ಒಗೆಯೋ ಮುಂಚೆ ಕೊಡವಿದಾಗ ಬಿತ್ತು. ನಾವು ಏನನ್ನೂ ಎಸೆಯಲ್ಲ. ಮುರುಕು ಗುಂಡಿಯಾದ್ರೂ ಸರಿ, ಪೆಟ್ಟಿಗೇಲಿಡ್ತೀವಿ."

ಪೆಟ್ಟಿಗೆಯಿದ್ದದ್ದು ಬಟ್ಟೆ ಒಣಗಿಸುವ ಯಂತ್ರದ ನೆತ್ತಿಯ ಮೇಲೆ. ತಗಡು ಕೈಯಿಟ್ಟರೆ ಚುರ್ ಎನ್ನುವಂತಿತ್ತು. ಒಂದು ಕನ್ನಡಕ, ಒಂಟಿ ಓಲೆ, ಯಾರದೋ ಮಗುವಿನ ಒದ್ದೆ ಕಾಲುಚೀಲ, ಅವುಗಳ ನಡುವೆ ಅಜ್ಜನ ಅಪ್ಪನ ಮರ. ಕಸಿಯಕ್ಕ ಒಂದೊಂದನ್ನೇ ಎತ್ತಿ ಉಗುರಿನಿಂದ ಗೀಚಿದಳು. ಮೊದಲನೆಯದು ಕಂದು. ಎರಡನೆಯದೂ ಕಂದು. ಮೂರನೆಯದು ಕೈಯಲ್ಲೇ ಲಟಕ್ಕೆಂದಿತು. ಉಳಿದೆರಡು ಕಾಲುಚೀಲದ ಮೇಲೆ ಬಿದ್ದಿದ್ದವು. ಗೀಚಿದಳು. ಹಸಿರು! ಆದರೆ ತುದಿ ಆಗಲೇ ಮುದುಡಿತ್ತು. ಎರಡರಲ್ಲೂ ಸೇರಿ ಏಳು ಕಣ್ಣಿಗೆ ಜೀವವಿತ್ತು.

"ಹೊರಗೆ ಒಯ್ದರೆ ಇವು ನರ್ಸರಿ ಮುಟ್ಟೋವರೆಗೂ ತಡೆಯಲ್ಲ," ಎಂದುಕೊಂಡು ಕಾಲುಚೀಲದಲ್ಲೇ ಕಡ್ಡಿ ಸುತ್ತಿ ನರ್ಸರಿಯ ಮ್ಯಾನೇಜರಿಗೆ ಫೋನು ಹಚ್ಚಿದಳು. ನರ್ಸರಿಯಲ್ಲಿ ಆ ತಿಂಗಳು ಬಿಸಿಗಾಳಿ ಬೇರೆ.

"ಸಸಿ ಎಲ್ಲ ಗಾಡಿಗೆ ಹಾಕ್ಕೊಂಡು ಇಲ್ಲಿಗೇ ಬನ್ನಿ. ಜನಾನೂ ಕರ್ಕೊಂಡು ಬನ್ನಿ."

"ಅಯ್ಯೋ ಅಕ್ಕಾ, ಇಲ್ಲಿ ಕುರ್ಚಿ ಹಾಕಿಸಿದ್ದೀನಿ, ಮೈಕು ತರಿಸಿದ್ದೀನಿ!"

"ಮೈಕು ಅಲ್ಲೇ ಮಾತಾಡ್ಕೊಂಡಿರಲಿ. ನೀವು ಬನ್ನಿ."

ಮೂವತ್ತು ಜನ ತೋಟಗಾರರು ಮಣ್ಣಿನ ಕಾಲಲ್ಲಿ ಲಾಂಡ್ರಿಗೆ ಇಳಿಯುವುದನ್ನು ಮೇಸ್ತ್ರಿ ಬಾಗಿಲಲ್ಲಿ ಕೈಯಡ್ಡ ಇಟ್ಟು ತಡೆದ. "ಚಪ್ಪಲಿ ಹೊರಗೆ! ಬಿಳೀ ಹೊದಿಕೆ ಹತ್ತಿರ ಯಾರೂ ಸುಳೀಬಾರದು!" ಎಂದು ಕೂಗಿ, ಕೊನೆಗೆ ತಾನೇ ಇಸ್ತ್ರಿ ಮೇಜು ಖಾಲಿ ಮಾಡಿಕೊಟ್ಟ. ಕಸಿಯಕ್ಕ ಶಾಲನ್ನು ಸೊಂಟಕ್ಕೆ ಬಿಗಿದಳು. ಸಸಿಯ ತೊಗಟೆಯನ್ನು ಸೀಳಿ, ಎಲೆತೊಟ್ಟು ಹಿಡಿದು ಕಡ್ಡಿಯಿಂದ ಕಣ್ಣನ್ನು ಎಬ್ಬಿಸಿ, ಸೀಳಿನೊಳಕ್ಕೆ ಜಾರಿಸಿ ಪಟ್ಟಿ ಸುತ್ತಿದಳು. ಒಂದು, ಎರಡು, ಮೂರು. ಉಸಿರಾಡಿದರೆ ಕಣ್ಣು ಹಾರಿಹೋದೀತೇನೋ ಎಂಬಂತೆ ಎಲ್ಲರೂ ನಿಂತಿದ್ದರು. ಏಳನೆಯದು ಮುಗಿದಾಗ ಇಸ್ತ್ರಿಯವನೊಬ್ಬ ಮಾತ್ರ, "ಇಷ್ಟೇನಾ? ನಾನು ಹೊಲಿಗೆ ಅನ್ಕೊಂಡಿದ್ದೆ," ಎಂದ.

"ಈ ಹಬೆ ಇದೆಯಲ್ಲ," ಎಂದಳು ಅವಳು ಬೆವರು ಒರೆಸಿಕೊಂಡು, "ಇಂಥ ಹದ ನನಗೆ ಹುಡುಕಿದ್ರೂ ಸಿಗ್ತಿರಲಿಲ್ಲ. ಹದಿನೈದು ದಿನ ಆ ಕಿಟಕಿ ಪಕ್ಕ ಇಡೋಕೆ ಬಿಡ್ತೀರಾ ಮೇಸ್ತ್ರಿ?"

ಮೇಸ್ತ್ರಿ ಗಲ್ಲ ಕೆರೆದುಕೊಂಡ. "ನಾನೇ ಒಣಗಿಸಿದ್ದಲ್ವಾ ಅಕ್ಕಾವ್ರೇ. ಇಡಿ."

ಮುಂದಿನ ಎರಡು ಊರುಗಳ ಪಾಠವನ್ನು ಅವಳು ಮುಂದೂಡಿದಳು. ಫೋನಿನಲ್ಲಿ ಸುದ್ದಿ ಕೇಳಿದ ಯಜಮಾನರು, "ತಪ್ಪು ನನ್ನದೇ ಕಣೇ," ಎಂದರು. ಆಮೇಲೆ ದನಿ ಬದಲಾಯಿತು. "ಹದಿನೈದು ದಿನ ಒಂದೇ ಹೋಟೆಲಾ?"

ಮರುದಿನವೇ ಎರಡು ಪೆಟ್ಟಿಗೆ, ಒಂದು ಕಂದು ಬಟ್ಟೆ ಹಿಡಿದು ಬಂದಿಳಿದರು. ಲಿಫ್ಟಿನಿಂದ ದೂರದ ಕೋಣೆಗೆ ಬದಲಾಯಿಸಿಕೊಂಡರು, ತೆಳ್ಳಗಿನ ದಿಂಬು ತರಿಸಿದರು, ಮೂರನೇ ದಿನಕ್ಕೆ ಅಡಿಗೆಯವನ ಮಗಳ ಮದುವೆಯ ವಿಚಾರದವರೆಗೂ ಹೋಗಿದ್ದರು. ಆದರೂ ಬೆಳಿಗ್ಗೆ ಎದ್ದವರು ಮೊದಲು ಹೋಗುತ್ತಿದ್ದುದು ಲಾಂಡ್ರಿಗೆ. ಮೇಸ್ತ್ರಿಯ ಜೊತೆ ನಿಂತು ಏಳು ಕುಂಡಗಳನ್ನು ನೋಡಿ ಬರುತ್ತಿದ್ದರು. ರಾತ್ರಿ ಅಷ್ಟು ಒಳ್ಳೆಯ ದಿಂಬಿನ ಮೇಲೂ ಅವರು ಹೊರಳಾಡುವುದು ಅವಳಿಗೆ ಗೊತ್ತಾಗುತ್ತಿತ್ತು.

ಹದಿನೈದನೆಯ ದಿನ ಮೂವರೂ ಕುಂಡಗಳ ಮುಂದೆ ಕೂತರು. ಕಣ್ಣಿನ ಕೆಳಗೆ ಉಳಿಸಿದ ಎಲೆತೊಟ್ಟನ್ನು ಮುಟ್ಟಿದರೆ ಉದುರಬೇಕು, ಹಾಗಾದರೆ ಕಣ್ಣು ಹಿಡಿದಿದೆ ಎಂದು ಅರ್ಥ. ಒಣಗಿ ಅಂಟಿಕೊಂಡಿದ್ದರೆ ಕಣ್ಣು ಸತ್ತಿದೆ. ಮೊದಲ ಕುಂಡದ ತೊಟ್ಟು ಅಂಟಿಕೊಂಡಿತ್ತು. ಎರಡನೆಯದೂ. ಯಜಮಾನರು ಮುಖ ಆಚೆ ತಿರುಗಿಸಿದರು.

"ಇದನ್ನ ನೀವು ಮುಟ್ಟಿ," ಎಂದಳು ಕಸಿಯಕ್ಕ.

"ನಾನಾ? ಬೇಡ್ವೇ."

"ಮುಟ್ಟಿ ಅಂದೆ."

ಅವರು ಕಿರುಬೆರಳು ಚಾಚಿ ಸೋಕಿಸಿದರು. ತೊಟ್ಟು ಪುಟಕ್ಕನೆ ಉದುರಿತು. ಏಳರಲ್ಲಿ ನಾಲ್ಕು ಹಿಡಿದಿದ್ದವು. ಮೇಸ್ತ್ರಿ ಯಂತ್ರದ ಸದ್ದನ್ನೂ ಮೀರಿ ಸಿಳ್ಳೆ ಹಾಕಿದ.

ಅವಳು ಅಲ್ಲಿಂದಲೇ ಅಜ್ಜನಿಗೆ ಫೋನು ಮಾಡಿ, ಆದದ್ದನ್ನೆಲ್ಲ ಮುಚ್ಚಿಡದೆ ಹೇಳಿದಳು. ಟವೆಲು, ತಗಡು, ಸತ್ತ ಕಡ್ಡಿ, ಬದುಕಿದ ನಾಲ್ಕು ಕಣ್ಣು.

"ಅಂದ್ರೆ ಈಗ ಅದು ಹೋಟೆಲಲ್ಲಿದೆಯಾ ತಾಯಿ?"

"ಹೂಂ ಅಜ್ಜಾ."

"ನಾನೇ ಇನ್ನೂ ಒಂದು ದಿನ ಹೋಟೆಲಲ್ಲಿ ಮಲಗಿಲ್ಲ, ನನ್ನ ಮರ ಹೋಗಿ ಮಲಗಿತಲ್ಲೇ!" ಎಂದು ಅಜ್ಜ ಕೆಮ್ಮು ಬರುವಷ್ಟು ನಕ್ಕ. ಆಮೇಲೆ ದನಿ ತಗ್ಗಿಸಿ ಕೇಳಿದ: "ಚೆನ್ನಾಗಿ ನೋಡ್ಕೊಳ್ತಾರಾ?"

"ತುಂಬಾ ಚೆನ್ನಾಗಿ."

"ಹಾಗಾದ್ರೆ ಅವಸರ ಇಲ್ಲ. ಎಲೆ ಬಿಟ್ಟ ಮೇಲೇ ಕರ್ಕೊಂಡು ಬಾ."