ಮಲಾಮಾ ಹೇಳಿದ ಸಿನಿಮಾ

ಕಣ್ಣು ಕಾಣದವರಿಗೆ ಹಳೆಯ ಸಿನಿಮಾಗಳನ್ನು ಮಾತಿನಲ್ಲಿ ಹೇಳುವುದು ನನ್ನ ಕೆಲಸ. ಪಾತ್ರಗಳು ಮಾತು ನಿಲ್ಲಿಸಿ ಮತ್ತೆ ಶುರುಮಾಡುವ ನಡುವಿನ ಬಿಡುವಿನಲ್ಲಿ, ತೆರೆಯ ಮೇಲೆ ಏನಾಗುತ್ತಿದೆ ಎಂದು ನನ್ನ ದನಿ ಹೇಳುತ್ತದೆ. ಗ್ರೀಸಿನ ಥೆಸಲೋನಿಕಿಯಲ್ಲಿ, ಬಂದರಿನ ಹಿಂದಿನ ಬೀದಿಯಲ್ಲಿ, ಮೂರನೇ ಮಹಡಿಯಲ್ಲಿ, ನಮ್ಮದೊಂದು ಕಿಟಕಿಯಿಲ್ಲದ ಕೋಣೆ. ಮೂರು ವರ್ಷಗಳಲ್ಲಿ ನಲವತ್ತೊಂದು ಸಿನಿಮಾ ಮಾಡಿದ್ದೆ. ಹೆಚ್ಚಿನವು ಅರವತ್ತರ ದಶಕದ ಪ್ರೇಮದ ಹಾಸ್ಯಚಿತ್ರಗಳು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಮನೆಮಂದಿಯೆಲ್ಲ ಕಾಲು ಚಾಚಿ ನೋಡುವಂಥವು. ಮೊದಮೊದಲು ನಾಯಕ ನಾಯಕಿಯ ಕೆನ್ನೆಗೆ ಬಾರಿಸಿದಾಗ ನನ್ನ ಬರೆಯುವ ಕೈ ನಿಂತುಬಿಡುತ್ತಿತ್ತು. ಆಮೇಲಾಮೇಲೆ ನಿಲ್ಲಲಿಲ್ಲ. 'ಹೊಡೆಯುತ್ತಾನೆ' ಎನ್ನಲು ಒಂದು ಸೆಕೆಂಡು ಸಾಕು. ಅದೊಂದೇ ಲೆಕ್ಕ ನನ್ನ ತಲೆಯಲ್ಲಿ ಓಡುತ್ತಿತ್ತು.

ನಲವತ್ತೆರಡನೆಯ ಸಿನಿಮಾದಲ್ಲಿ ಹಿಟ್ಟಿನ ವ್ಯಾಪಾರಿಯ ಮಗಳೊಬ್ಬಳು, ಅವಳನ್ನೇ ಮದುವೆಯಾಗುತ್ತೇನೆಂದು ಹಟ ಹಿಡಿದ ಲಾರಿ ಚಾಲಕನೊಬ್ಬ. ಅವಳು ಮೂರು ಸಲ ಒಲ್ಲೆ ಎನ್ನುತ್ತಾಳೆ. ನಾಲ್ಕನೆಯ ಸಲ ಅವನು ಅವಳನ್ನು ಅವಳಪ್ಪನ ಉಗ್ರಾಣದಲ್ಲೇ ಕೂಡಿಹಾಕಿ ತಾನೂ ಒಳಗೇ ಉಳಿಯುತ್ತಾನೆ. ಬೆಳಗ್ಗೆ ಊರವರು ಬಾಗಿಲು ಒಡೆದಾಗ, ಇಬ್ಬರೂ ಮೈಯೆಲ್ಲ ಹಿಟ್ಟು ಮೆತ್ತಿಕೊಂಡು ನಿಂತಿರುತ್ತಾರೆ. ಇನ್ನು ಮದುವೆಯಾಗದೆ ಅವಳಿಗೆ ಗತಿಯಿಲ್ಲ. ಸಿನಿಮಾದಲ್ಲಿ ಎಲ್ಲಕ್ಕಿಂತ ಜಾಸ್ತಿ ನಗು ಬರುವುದು ಅಲ್ಲೇ.

ಬಾಗಿಲು ಹಾಕುವ ದೃಶ್ಯದಲ್ಲಿ ಅವಳು ಒಮ್ಮೆ ಕಿರುಚಿದ ಮೇಲೆ ಒಂಬತ್ತು ಸೆಕೆಂಡು ಮಾತಿಲ್ಲ, ಕುಣಿಯುವಂಥ ಸಂಗೀತ ಮಾತ್ರ. ನಾನು ಬರೆದದ್ದು ಇಷ್ಟು: 'ಅವನು ಬೀಗ ಹಾಕಿ ಕೀಲಿಯನ್ನು ಜೇಬಿಗಿಳಿಸುತ್ತಾನೆ. ಅವಳು ಬಾಗಿಲಿನ ಹಿಡಿ ಎಳೆಯುತ್ತಾಳೆ. ಎರಡು ಕೈಯಲ್ಲೂ ಬಡಿಯುತ್ತಾಳೆ. ಅಳುತ್ತಾಳೆ.'

ನಮ್ಮ ಮುಖ್ಯಸ್ಥ ಇರಾಕ್ಲಿಸ್ ಓದಿ ಹುಬ್ಬು ಗಂಟಿಕ್ಕಿದ.

"ಲೆಮೋನಿಯಾ, 'ತುಂಟತನದಿಂದ' ಅಂತ ಒಂದು ಪದ ಸೇರಿಸು. ಜನ ನಗೋಕೆ ಕೂತಿರ್ತಾರೆ, ಪೊಲೀಸ್ ರಿಪೋರ್ಟ್ ಕೇಳೋಕಲ್ಲ."

"ತುಂಟತನ ಇರೋದು ಅವನ ಮುಖದಲ್ಲಿ. ಅವಳ ಮುಖದಲ್ಲಿ ಇಲ್ಲ."

"ಸರಿ ಮಾರಾಯ್ತಿ, ಎವಂಥಿಯಮ್ಮನಿಗೆ ಕೇಳಿಸು. ಅವರೇನು ಹೇಳ್ತಾರೋ ಹಾಗೆ ಮಾಡೋಣ."

ಎವಂಥಿಯಮ್ಮ ನಮ್ಮ ಕೇಳುಗರು. ಪ್ರತಿ ಮಂಗಳವಾರ ಬಂದು, ನನ್ನ ದನಿ ಸೇರಿಸಿದ ಸಿನಿಮಾ ಕೇಳಿ, ಎಲ್ಲಿ ಅರ್ಥವಾಗಲಿಲ್ಲ, ಎಲ್ಲಿ ಮಾತು ಜಾಸ್ತಿಯಾಯಿತು ಎಂದು ಹೇಳುತ್ತಿದ್ದರು. ಎಪ್ಪತ್ತೆರಡು ವಯಸ್ಸು. ನಾಲ್ಕನೇ ವರ್ಷದಲ್ಲಿ ಜ್ವರ ಬಂದು ಕಣ್ಣು ಹೋಗಿತ್ತು. ಕೆಲಸದಿಂದ ನಿವೃತ್ತರಾಗುವವರೆಗೂ ಆಸ್ಪತ್ರೆಯೊಂದರಲ್ಲಿ ಟೆಲಿಫೋನ್ ಆಪರೇಟರ್ ಆಗಿದ್ದರು. ಆ ಮಂಗಳವಾರ ಎಳ್ಳು ಮೆತ್ತಿದ ಬಳೆಯಾಕಾರದ ಬ್ರೆಡ್ಡು ಕಟ್ಟಿಸಿಕೊಂಡು ಬಹಳ ಖುಷಿಯಿಂದ ಬಂದರು.

"ಇದು ನಂಗೆ ಬಾಯಿಪಾಠ ಕಣಮ್ಮ. ಹದಿಮೂರು ವರ್ಷದವಳಿದ್ದಾಗ ಬಯಲು ಟಾಕೀಸಿನಲ್ಲಿ ನೋಡಿದ್ದೆ. ನಮ್ಮಕ್ಕ ಮಲಾಮಾ ಕಿವೀಲಿ ಎಲ್ಲ ಹೇಳ್ತಿದ್ಲು. ನಿನಗಿಂತ ಚೆನ್ನಾಗಿ ಹೇಳ್ತಿದ್ಲು, ಬೇಜಾರು ಮಾಡ್ಕೋಬೇಡ."

ನಾಯಕಿಯ ಮಾತುಗಳನ್ನು ಅವಳಿಗಿಂತ ಮೊದಲೇ ಹೇಳುತ್ತ, ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತ ಕೂತಿದ್ದರು. ಉಗ್ರಾಣದ ದೃಶ್ಯ ಬಂತು. ನನ್ನ ನಾಲ್ಕು ವಾಕ್ಯಗಳು ಮುಗಿದವು. ಎವಂಥಿಯಮ್ಮ ಕೈ ಎತ್ತಿದರು.

"ನಿಲ್ಸು. ತಪ್ಪಾಗಿದೆ. ಕೀಲಿ ಇರೋದು ಅವಳ ಹತ್ರ."

"ಇಲ್ಲಮ್ಮ. ಅವನ ಜೇಬಲ್ಲಿ."

"ಅವನಿಗೆ ಗೊತ್ತಾಗದ ಹಾಗೆ ಅವಳು ತೆಗೆದು ಎದೇಲಿ ಸಿಕ್ಕಿಸ್ಕೋತಾಳೆ. ಸುಮ್ನೆ ಬಾಗಿಲು ಬಡೀತಾಳೆ, ನಗ್ತಾ ಇರ್ತಾಳೆ. ಇನ್ನೊಂದ್ಸಲ ನೋಡು."

ಮತ್ತೆ ನೋಡಿದೆ. ಇನ್ನೂ ಒಂದು ಸಲ ನಿಧಾನವಾಗಿ ಓಡಿಸಿ ನೋಡಿದೆ. ಕೀಲಿ ಅವನ ಜೇಬಿನಲ್ಲೇ ಇತ್ತು. ಅವಳ ಕೆನ್ನೆಯ ಹಿಟ್ಟಿನ ಮೇಲೆ ಕಣ್ಣೀರು ಇಳಿದ ಎರಡು ಗೆರೆಗಳಿದ್ದವು. ಅದನ್ನೇ ಹೇಳಿದೆ.

"ಗೆರೆ," ಎಂದರು ಎವಂಥಿಯಮ್ಮ.

ಮಡಿಲಲ್ಲಿದ್ದ ಬ್ರೆಡ್ಡಿನ ಪೊಟ್ಟಣವನ್ನು ಮೇಜಿನ ಮೇಲಿಟ್ಟರು. ಬೇರೆ ಯಾರದೋ ವಿಷಯ ಹೇಳುವವರ ಹಾಗೆ ಹೇಳಿದರು:

"ನಮ್ಮ ಯಜಮಾನ್ರು ಸ್ಟೆರ್ಗಿಯೋಸ್ ಅದೇ ಆಸ್ಪತ್ರೇಲಿ ಲಿಫ್ಟ್ ನೋಡ್ಕೋತಿದ್ರು. ಒಂದಿನ ನನ್ನ ಕೆಲಸ ಮುಗಿಯೋ ಹೊತ್ತಿಗೆ ಬಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತ್ರು. ಮದುವೆಗೆ ಹೂಂ ಅಂದ್ರೆ ಬಿಡ್ತೀನಿ ಅಂದ್ರು. ನಾನು ನಕ್ಕೆ. ಹೆದರಿಕೆ ಆಗಿತ್ತು, ಆದ್ರೂ ನಕ್ಕೆ. ಆ ಸಿನಿಮಾದ ಹಾಗೇ ಇದೂ ಇರುತ್ತೆ, ಮನಸ್ಸು ಮಾಡಿದ್ರೆ ನಾನು ಹೊರಗೆ ಹೋಗಬಹುದು ಅಂತ ಅಂದ್ಕೊಂಡಿದ್ದೆ."

"ಆಮೇಲೆ?"

"ಆಮೇಲೇನು, ಹೂಂ ಅಂದೆ. ಮೂವತ್ತೆಂಟು ವರ್ಷ ಸಂಸಾರ ಮಾಡಿದೆ."

"ಕೆಟ್ಟವರಾಗಿದ್ರಾ?"

"ಇಲ್ಲಪ್ಪ. ಒಳ್ಳೆ ಮೀನು ಆರಿಸಿ ತರ್ತಿದ್ರು. ಕುಡೀತಿರ್ಲಿಲ್ಲ." ನನ್ನ ಕಡೆ ತಿರುಗಿದರು. "ಮಲಾಮಾಗೆ ಫೋನು ಹಚ್ಚು."

ಅಕ್ಕ ಕವಾಲಾ ಊರಿನಲ್ಲಿದ್ದರು. ಎವಂಥಿಯಮ್ಮ ನಂಬರು ಹೇಳಿದರು, ನಾನು ಹಚ್ಚಿ, ಸ್ಪೀಕರ್ ಹಾಕಿ ಫೋನನ್ನು ಮೇಜಿನ ಮೇಲಿಟ್ಟೆ.

"ಯಾವ ಸಿನಿಮಾನೇ? ನಂಗೆ ನಿನ್ನೆ ತಿಂದದ್ದೇ ನೆನಪಿರಲ್ಲ," ಎಂದಿತು ಮುದಿ ದನಿ. ಹಿಟ್ಟು, ಲಾರಿ, ಉಗ್ರಾಣ ಎಂದು ತಂಗಿ ಬಿಡಿಸಿ ಹೇಳಿದ ಮೇಲೆ, "ಓ, ಅದಾ!" ಎಂದು ನಕ್ಕಿತು.

"ಕೀಲಿ ಅವಳ ಹತ್ರ ಇದೆ ಅಂತ ನೀನ್ಯಾಕೆ ಹೇಳ್ದೆ?"

"ಹಾಗಂದಿದ್ನಾ? ಅಂದಿರ್ತೀನಿ. ಮತ್ತೇನು ಮಾಡ್ಲಿ? ಅವಳು ಕಿರುಚಿದ ತಕ್ಷಣ ನೀನು ನನ್ನ ತೋಳು ಹಿಡ್ಕೊಂಡು, ಅಕ್ಕಾ ಮನೆಗೆ ಹೋಗೋಣ ಅಂತ ಶುರು ಮಾಡಿದ್ದೆ. ಹಾಗೆ ಅರ್ಧಕ್ಕೇ ಎದ್ದು ಬಂದದ್ದು ಎಷ್ಟು ಸಿನಿಮಾ! ಇದೊಂದರ ಕೊನೆ ನೋಡ್ಬೇಕಿತ್ತು ನಂಗೆ. ಅದಕ್ಕೆ ಏನೋ ಒಂದು ಹೇಳ್ದೆ. ನೀನೂ ನಕ್ಕೆಯಲ್ಲೇ!"

"ಹೂಂ. ನಕ್ಕೆ."

"ಅದಿರ್ಲಿ, ಕಾಲುನೋವಿಗೆ ಹಚ್ಕೊಳ್ಳೋಕೆ ಎಣ್ಣೆ ಕಳ್ಸಿದ್ನಲ್ಲ, ಬಂತಾ?"

"ಬಂತು."

ಫೋನು ಇಟ್ಟ ಮೇಲೆ ಅವರು ಅಳಬಹುದೆಂದು ನಾನು ಕಾದೆ. ಅಳಲಿಲ್ಲ. ನನಗೂ ಏನಾದರೂ ಅನ್ನಿಸಬೇಕಿತ್ತು. ಕೊರಡಿನ ಹಾಗೆ ಕೂತಿದ್ದೆ. ಪರದೆಯ ಮೇಲೆ ಆ ಹುಡುಗಿ ಬಾಯಿ ತೆರೆದು, ಕೈಯೆತ್ತಿ ನಿಂತಲ್ಲೇ ನಿಂತಿದ್ದಳು.

"ನಮ್ಮ ಇರಾಕ್ಲಿಸ್ 'ತುಂಟತನದಿಂದ' ಅಂತ ಸೇರಿಸು ಅಂತಾರೆ," ಎಂದೆ.

"ಅಂಥದ್ದು ಒಂದ್ಸಲ ಕೇಳಿ ಆಯ್ತಲ್ಲ. ಕಂಡದ್ದು ಹೇಳು, ಸಾಕು. ಮುಂದಕ್ಕೆ ಓಡ್ಸು."

ಉಳಿದದ್ದನ್ನೂ ಪೂರ್ತಿ ಕೇಳಿದರು. ಪಾದ್ರಿ ಹಿಟ್ಟಿನ ಮೂಟೆಯ ಮೇಲೆ ಬೀಳುವಲ್ಲಿ ಜೋರಾಗಿ ನಕ್ಕರು. ನಾನೂ ನಕ್ಕೆ, ಅದು ಈಗಲೂ ನಗು ಬರುವ ದೃಶ್ಯವೇ. ಎವಂಥಿಯಮ್ಮ ಹೇಳಿದ್ದನ್ನು ಇರಾಕ್ಲಿಸ್‌ಗೆ ತಿಳಿಸಿದೆ. "ಬೈಗುಳ ಬಂದ್ರೆ ನಿನ್ನ ಟೇಬಲ್‌ಗೇ ಕಳಿಸ್ತೀನಿ," ಎಂದು ಸಹಿ ಹಾಕಿದ. ಸಿನಿಮಾ ಟಿವಿಯಲ್ಲಿ ಬಂದ ಮೇಲೆ ಬಂದದ್ದು ಎರಡೇ ಫೋನು, ಅದೂ ಮರುದಿನ ಸೋಮವಾರ: ನಾನು ಸಿನಿಮಾ ಕೆಡಿಸಿದೆನೆಂದು ಒಬ್ಬ ಗಂಡಸು ಬೈದ, ಮದುವೆಯ ದಿನ ಅತ್ತೆ ಉಟ್ಟಿದ್ದ ಬಟ್ಟೆಯ ಬಣ್ಣ ಯಾವುದು ಎಂದು ಹೆಂಗಸೊಬ್ಬಳು ಕೇಳಿದಳು. ಅದು ಕಪ್ಪುಬಿಳುಪಿನ ಸಿನಿಮಾ.

ಅದರ ಹಿಂದಿನ ದಿನ, ಸಿನಿಮಾ ಬಂದ ಭಾನುವಾರ, ಎವಂಥಿಯಮ್ಮ ನನ್ನನ್ನು ಮನೆಗೆ ಕರೆದಿದ್ದರು. ಪಾಲಕ್ ತುಂಬಿದ ಗರಿಗರಿ ಕಡುಬು ಬಿಸಿ ಮಾಡಿ ಬಡಿಸಿದರು. ಟಿವಿಯ ಎದುರು ಇಬ್ಬರೂ ಕೂತೆವು. ಉಗ್ರಾಣದ ದೃಶ್ಯದಲ್ಲಿ ಅವರು ತಟ್ಟೆಯಲ್ಲಿನ ಚೂರುಗಳನ್ನು ಬೆರಳಿನಿಂದ ಒತ್ತಿ ಒತ್ತಿ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಕೊನೆಗೆ ಮದುವೆ ಬಂತು. ಅಲ್ಲಿ ಎಲ್ಲರೂ ಒಟ್ಟಿಗೇ ಮಾತಾಡುತ್ತಾರೆ, ಹಾಡುತ್ತಾರೆ. ನನ್ನ ದನಿ ತೂರಿಸಲು ಜಾಗವಿರಲಿಲ್ಲ.

"ಈಗ ಅವಳ ಮುಖ ಹೇಗಿದೆ?" ಎಂದು ಕೇಳಿದರು.

"ನಗ್ತಿದ್ದಾಳೆ."

"ಸುಳ್ಳು ಹೇಳ್ತಿಲ್ಲ ತಾನೆ?"

"ಇಲ್ಲಮ್ಮ. ಹಲ್ಲು ಕಾಣೋ ಹಾಗೆ ನಗ್ತಿದ್ದಾಳೆ."

"ನನ್ನ ಮದುವೆ ಫೋಟೋದಲ್ಲೂ ಹಾಗೇ ಇದೆಯಂತೆ," ಎಂದರು.

ಫೋಟೋ ಗೋಡೆಯ ಮೇಲಿತ್ತು. ನಾನು ಎದ್ದು ಹೋಗಿ ನೋಡಲಿಲ್ಲ, ಅವರೂ ನೋಡು ಎನ್ನಲಿಲ್ಲ. ವಾರ್ತೆ ಶುರುವಾಯಿತು. ಅವರು ತಡಕಾಡಿ ಟಿವಿಯ ದನಿ ತಗ್ಗಿಸಿ, ಕಾಫಿಗೆ ಸಕ್ಕರೆ ಎಷ್ಟು ಹಾಕಲಿ ಎಂದು ಕೇಳಿದರು.